ಅಕ್ಕನ ಒಂಬತ್ತು ಗಂಟೆ

“ಇವಳಿಗೇನ್ರೀ ಕಮ್ಮಿ, ಮಹಾರಾಣಿ. ದಿನಕ್ಕೆ ಒಂಬತ್ತು ಗಂಟೆ ಬರೀ ಕೂತಿರ್ತಾಳೆ,” ಎಂದ ಚಶ್ಮಾ, ಕೈಯಲ್ಲಿದ್ದ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ.

ಚಶ್ಮಾ ನನ್ನ ಎದುರು ಮೇಜಿನವನು. ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಡ್ರಾಯರಿನಲ್ಲಿ ಹುಡುಕುವ ಮನುಷ್ಯ. ಹೆಸರು ಬಂದದ್ದು ಹಾಗೆ. ಕೆಟ್ಟವನಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಗುರುತು ಪರಿಚಯವಿಲ್ಲದವರ ದಿನಗಳನ್ನು ಓದುತ್ತಾ ಕೂತರೆ ಯಾರಿಗಾದರೂ ಸ್ವಲ್ಪ ನಗು ಬೇಕಾಗುತ್ತದೆ. ನಮ್ಮ ಕೋಣೆಯಲ್ಲಿ ಅದನ್ನು ಒದಗಿಸುವ ಜವಾಬ್ದಾರಿ ಅವನು ವಹಿಸಿಕೊಂಡಿದ್ದ.

“ಪೂರ್ತಿ ಓದಪ್ಪ,” ಎಂದಿತು ಹಿಂದಿನ ಸಾಲು.

“ಹತ್ತೂವರೆ, ಕೂತಿದ್ದೆ. ಹನ್ನೊಂದು, ಕೂತಿದ್ದೆ. ಹನ್ನೊಂದೂವರೆ, ಕೂತಿದ್ದೆ. ಹನ್ನೆರಡಕ್ಕೆ ಎದ್ದು ಒಲೆ ಹಚ್ಚಿದ್ದಾಳೆ, ಪಾಪ, ಕೂತೂ ಕೂತೂ ಸುಸ್ತಾಗಿರ್ಬೇಕು. ಹನ್ನೆರಡೂವರೆಗೆ ಮತ್ತೆ ಕೂತಿದ್ದೆ. ನಮ್ಮನೆಯವಳಿಗೆ ಇದನ್ನ ತೋರಿಸ್ಬೇಕು. ಬೆಳಗಾದ್ರೆ ನನಗೆ ಉಸಿರಾಡೋಕೆ ಪುರುಸೊತ್ತಿಲ್ಲ ಅಂತಾಳೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕದ್ದನ್ನು ಬಿಟ್ಟು ಮುಂದಿನದನ್ನು ಹೇಳಿದರೆ ನ್ಯಾಯವಾಗುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ. ನಕ್ಕು ಮುಗಿದ ಮೇಲೆ ಅವನು ಹಾಳೆಯನ್ನು ನನ್ನ ಕಡೆ ತಿರುಗಿಸಿದ. ಆಗ ಅಕ್ಷರ ಕಂಡಿತು. ಇರುವೆಯಷ್ಟು ಸಣ್ಣ, ಒಂದಕ್ಕೊಂದು ತಾಗದ, ನೆಟ್ಟಗೆ ನಿಂತ ಅಕ್ಷರ. ಏಳು ಬರೆದಲ್ಲೆಲ್ಲ ಅದರ ಸೊಂಟಕ್ಕೆ ಒಂದು ಅಡ್ಡ ಗೆರೆ, ಯಾರೂ ಅದನ್ನು ಒಂದು ಎಂದು ತಿಳಿಯಬಾರದೆಂದು.

ಆ ಗೆರೆ ಹಾಕುವುದನ್ನು ಕಲಿತದ್ದು ನನ್ನ ಅಕ್ಕ, ಹಲ್ಲಿನ ಲ್ಯಾಬಿನಲ್ಲಿ. ಹತ್ತೊಂಬತ್ತು ವರ್ಷ ಅವಳು ಹಲ್ಲಿನ ಸೆಟ್ಟು ಮಾಡಿದವಳು. ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚಿಗೆ ಮೇಣ ಕಟ್ಟಿ, ಹಲ್ಲು ಕೂರಿಸಿ, ಅರದಿಂದ ತೀಡಿ, ಪಾಲಿಶ್ ಮಾಡಿ, ನಂಬರು ಬರೆದು ಡಬ್ಬಿಗೆ ಹಾಕುವುದು. ಒಂದು ಏಳಾಗಿ ಏಳು ಒಂದಾದರೆ ಯಾರದೋ ಹಲ್ಲು ಇನ್ಯಾರದೋ ಬಾಯಿಗೆ ಹೋಗುತ್ತದೆ. ಅವಳು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ, “ನೋಡೋಕೆ ಬಂದೋರ ಹಲ್ಲು ನೋಡ್ದೆ, ಸಾಕಾಯ್ತು” ಎನ್ನುತ್ತಿದ್ದಳು.

ಈಗ ಒಂದು ವರ್ಷದಿಂದ ಅವಳು ಲ್ಯಾಬಿಗೆ ಹೋಗುತ್ತಿರಲಿಲ್ಲ. ಅಮ್ಮನಿಗೆ ಮರೆವು ಹತ್ತಿತ್ತು. ಕಣ್ಣೆದುರು ಯಾರೂ ಇಲ್ಲದಿದ್ದರೆ ಎದ್ದು ಹುಡುಕಲು ಹೊರಡುತ್ತಾಳೆ, ಒಲೆ ಹಚ್ಚಿ ಮರೆಯುತ್ತಾಳೆ, ಒಮ್ಮೆ ಬರಿಗಾಲಲ್ಲಿ ದೊಡ್ಡ ರಸ್ತೆಯ ಸಿಗ್ನಲ್ಲಿನವರೆಗೂ ಹೋಗಿದ್ದಳು. ಲ್ಯಾಬಿನ ಯಜಮಾನರು ವರ್ಷವಿಡೀ ಅಕ್ಕನ ಜಾಗವನ್ನು ಹಾಗೇ ಇಟ್ಟಿದ್ದರು. ಈ ತಿಂಗಳ ಕೊನೆಯವರೆಗೆ ನೋಡುತ್ತೇನೆ, ಮಧ್ಯಾಹ್ನದ ಹೊತ್ತು ದಿನಕ್ಕೆ ನಾಲ್ಕು ಗಂಟೆಯಾದರೂ ಬಂದು ಕೂರು, ಇಲ್ಲದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದಿದ್ದರು. ಆ ನಾಲ್ಕು ಗಂಟೆ ನೀನು ಬಂದು ಅಮ್ಮನ ಜೊತೆ ಇರುತ್ತೀಯಾ ಎಂದು ಅಕ್ಕ ನನ್ನನ್ನು ಮೂರು ಸಲ ಕೇಳಿದ್ದಳು. ಮೂರು ಸಲವೂ ನಾನು “ನೋಡೋಣ ಅಕ್ಕ” ಎಂದಿದ್ದೆ.

ನಮ್ಮದು ಅಂಕಿಅಂಶದ ಕಚೇರಿ. ನಾನಾ ದೇಶಗಳ ಗಂಡಸರನ್ನೂ ಹೆಂಗಸರನ್ನೂ ಅಕ್ಕಪಕ್ಕ ನಿಲ್ಲಿಸಿ, ಯಾವ ದೇಶದಲ್ಲಿ ಇಬ್ಬರ ನಡುವೆ ಎಷ್ಟು ಅಂತರ ಎಂದು ಪಟ್ಟಿ ಮಾಡುವ ದೊಡ್ಡ ಸಂಸ್ಥೆಯೊಂದಿದೆ. ಅದಕ್ಕೆ ನಮ್ಮ ದೇಶದ ಪಾಲಿನ ಅಂಕಿ ಕಳಿಸುವುದು ನಮ್ಮ ಕೋಣೆಯ ಕೆಲಸ. ಚೀಟಿ ಎತ್ತಿ ಆರಿಸಿದ ನಾಲ್ಕು ಸಾವಿರ ಮನೆಗಳಿಗೆ ಒಂದೊಂದು ದಿನಚರಿ ಹಾಳೆ ಹೋಗುತ್ತದೆ. ಅರ್ಧರ್ಧ ಗಂಟೆಗೆ ಒಂದು ಸಾಲು, ಒಟ್ಟು ನಲವತ್ತೆಂಟು ಸಾಲು. ಅವರು ಬರೆದ ಒಂದೊಂದು ಸಾಲಿಗೂ ನಾವು ಒಂದು ಸಂಖ್ಯೆ ಹಾಕಬೇಕು: ಸಂಬಳದ ಕೆಲಸಕ್ಕೆ ಒಂದು, ಮನೆಗೆಲಸಕ್ಕೆ ಎರಡು, ಆರೈಕೆಗೆ ಮೂರು, ಹೀಗೆ. ವಿಶ್ರಾಂತಿಗೆ ಏಳು. ಹೋದ ಸಲದ ಪಟ್ಟಿಯನ್ನು ನೀರಿನ ಫಿಲ್ಟರಿನ ಪಕ್ಕದ ಗೋಡೆಗೆ ಅಂಟಿಸಿದ್ದರು. ನೀರು ಕುಡಿಯಲು ಹೋದವರೆಲ್ಲ ಆಟದ ಸ್ಕೋರು ನೋಡುವಂತೆ ನಮ್ಮ ದೇಶ ಎಲ್ಲಿದೆ, ಪಕ್ಕದ ದೇಶ ಎಲ್ಲಿದೆ ಎಂದು ನೋಡಿ ಬರುತ್ತಿದ್ದರು. ನಾವು ಯಾವಾಗಲೂ ಅವರಿಗಿಂತ ಕೆಳಗಿರುತ್ತಿದ್ದೆವು, ಅದೊಂದು ಹೊಟ್ಟೆಯುರಿ.

ಚಶ್ಮಾ ಆ ಹಾಳೆಯ ಮೇಲೆ ಏಳು, ಏಳು, ಏಳು ಎಂದು ಬರೆಯತೊಡಗಿದ್ದ. ಹದಿನೆಂಟು ಸಾಲು ‘ಕೂತಿದ್ದೆ’, ಹದಿನೆಂಟು ಏಳು. ಅವನ ಏಳಿನ ಸೊಂಟಕ್ಕೆ ಗೆರೆಯಿರಲಿಲ್ಲ.

ನಾನು ಎದ್ದು ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡೆ.

“ಏನೋ, ಪರಿಚಯದವರಾ?” ಎಂದ.

“ನಮ್ಮಕ್ಕ.”

ಅವನ ಕನ್ನಡಕ ಹಣೆಯಿಂದ ಮೂಗಿಗೆ ತಾನಾಗಿಯೇ ಇಳಿಯಿತು. “ಛೆ. ನಾನೇನೋ ತಮಾಷೆಗೆ…”

“ಗೊತ್ತು ಬಿಡು. ನಾನೂ ನಕ್ಕೆನಲ್ಲ.”

ಸಂಬಂಧಿಕರ ಹಾಳೆ ಕಂಡರೆ ಮೇಲಿನವರಿಗೆ ಒಪ್ಪಿಸಬೇಕು ಎನ್ನುವುದು ಕಚೇರಿಯ ನಿಯಮ. ಮೇಲಿನವರು ಅಂದರೆ ಕೆಂಪು ಪೆನ್ನು. ಮೂವತ್ತು ವರ್ಷದಿಂದ ಎಲ್ಲರ ತಪ್ಪನ್ನೂ ಕೆಂಪಲ್ಲಿ ತಿದ್ದಿ ತಿದ್ದಿ ಬಲಗೈಯ ಎರಡು ಬೆರಳು ಖಾಯಂ ಕೆಂಪಾಗಿರುವ ಹೆಂಗಸು. ಎದುರಿಗೆ ನಾವು ಮೇಡಂ ಎನ್ನುತ್ತೇವೆ. ಅವರಿಗೆ ತಮ್ಮ ಅಡ್ಡಹೆಸರು ಗೊತ್ತಿದೆ ಎನ್ನುವುದೂ ನಮಗೆ ಗೊತ್ತು.

“ಮೇಡಂ, ಇದು ವಿಶ್ರಾಂತಿ ಅಲ್ಲ. ಅವಳು ನಮ್ಮಮ್ಮನ್ನ ನೋಡ್ಕೊಳ್ತಾ ಕೂತಿರೋದು. ಮೂರು ಹಾಕ್ಬೇಕು.”

“ಹಾಗಂತ ಬರೆದಿಲ್ವಲ್ಲ.”

“ಬರೆದಿಲ್ಲ. ಆದ್ರೆ ನನಗೆ ಗೊತ್ತು.”

“ನಿಮಗೆ ಗೊತ್ತಿರೋದಕ್ಕೆಲ್ಲ ನಂಬರು ಹಾಕೋಕಾಗುತ್ತಾ? ಹಾಳೇಲಿ ಇದ್ದದ್ದಕ್ಕೆ ಮಾತ್ರ.” ಅವರು ಹಾಳೆಯನ್ನು ತಿರುಗಿಸಿ ಬಲಗಡೆಯ ಖಾಲಿ ಅಂಚಿನ ಮೇಲೆ ಬೆರಳಿಟ್ಟರು. “ಇಲ್ಲೊಂದು ಕಾಲಂ ಇತ್ತು. ನೆನಪಿದ್ಯಾ?”

ನೆನಪಿಲ್ಲದೆ ಏನು. ಆ ಸಂಸ್ಥೆಯವರು ಕಳಿಸಿದ ಮಾದರಿಯಲ್ಲಿ ಎರಡು ಕಾಲಂ ಇದ್ದವು. ಎಡಗಡೆ, ಏನು ಮಾಡುತ್ತಿದ್ದಿರಿ. ಬಲಗಡೆ, ಆ ಹೊತ್ತಿನಲ್ಲಿ ಯಾರನ್ನಾದರೂ ನೋಡಿಕೊಳ್ಳುವುದು ನಿಮ್ಮ ಮೇಲಿತ್ತೇ. ಮೊದಲು ಇನ್ನೂರು ಮನೆಗಳಲ್ಲಿ ಪರೀಕ್ಷೆ ಮಾಡಿದಾಗ ಬಲಗಡೆಯದನ್ನು ಯಾರೂ ತುಂಬಲಿಲ್ಲ. ‘ಮನೇಲಿದ್ಮೇಲೆ ನೋಡ್ಕೊಳ್ದೆ ಇರ್ತೀವಾ, ಅದನ್ನೇನು ಬರೆಯೋದು’ ಎಂದು ಹೆಂಗಸರು ನಮ್ಮವರನ್ನೇ ಗದರಿಸಿ ಕಳಿಸಿದ್ದರು. ಸಭೆಯಲ್ಲಿ ಒಬ್ಬ ಎದ್ದು, ಹೇಗೂ ಖಾಲಿ ಬರುತ್ತೆ, ಆ ಕಾಲಂ ತೆಗೆದರೆ ದಿನಚರಿ ಒಂದೇ ಹಾಳೆಗೆ ಹಿಡಿಯುತ್ತೆ ಎಂದ. ಎಲ್ಲರಿಗೂ ಸರಿಯೆನಿಸಿತು. ಮೇಡಂ ಒಬ್ಬರೇ ಬೇಡ ಎಂದರು, ಆದರೆ ಒಬ್ಬರ ಬೇಡಕ್ಕೆ ಸಭೆಯಲ್ಲಿ ಯಾವ ನಂಬರೂ ಇರುವುದಿಲ್ಲ.

ಆ ಎದ್ದು ನಿಂತವನು ನಾನು.

ಅಷ್ಟೇ ಆಗಿದ್ದರೆ ಒಂದು ಮಾತು. ಚೀಟಿಯಲ್ಲಿ ಅಕ್ಕನ ಮನೆ ಬಂದು, ಹಾಳೆ ಅವಳ ಕೈ ಸೇರಿದ ದಿನ ಅವಳು ನನಗೇ ಫೋನು ಮಾಡಿದ್ದಳು. “ಇದನ್ನ ಹೇಗೋ ತುಂಬೋದು? ಒಂದೇ ಹೊತ್ತಿಗೆ ಹತ್ತು ಇರುತ್ತೆ.” ನಾನು ಊಟಕ್ಕೆ ಕೂತಿದ್ದೆ. ನಮ್ಮ ಕೋಣೆಯಲ್ಲಿ ಎಲ್ಲರಿಗೂ ಹೇಳಿಕೊಡುವ ಸುಲಭದ ಸೂತ್ರವನ್ನೇ ಹೇಳಿದೆ. “ಕೈ ಏನು ಮಾಡ್ತಿದೆಯೋ ಅದನ್ನ ಬರಿ ಅಕ್ಕ. ಅಷ್ಟೇ.”

“ಕೈ ಏನೂ ಮಾಡ್ದಿದ್ರೆ?”

“ಹಾಗಿದ್ರೆ ಕೂತಿದ್ದೆ ಅಂತ ಬರಿ.”

ನಾನು ಹೇಳಿದ ಹಾಗೇ ಬರೆದಿದ್ದಳು, ಒಂದು ಸಾಲೂ ತಪ್ಪದೆ.

ಇದನ್ನೆಲ್ಲ ಮೇಡಮ್ಮಿಗೆ ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಆಮೇಲೆ, “ಅನುಮಾನ ಬಂದ ಹಾಳೆಗೆ ಒಂದು ಸಲ ಮರುಭೇಟಿ ಮಾಡಬಹುದು. ಬರೆದವರು ತಮ್ಮ ಬಾಯಿಂದ ಹೇಳ್ಬೇಕು, ನಾನು ಬರ್ಕೋಬೇಕು. ಗುರುವಾರ ಮಧ್ಯಾಹ್ನ ಹೋಗೋಣ. ನೀವು ಬಾಯಿ ಬಿಡಬಾರದು,” ಎಂದರು.

ಗುರುವಾರ ಇಪ್ಪತ್ತನೇ ತಾರೀಖು. ಅಕ್ಕನ ಮನೆ ಎರಡನೇ ಮಹಡಿಯಲ್ಲಿ. ಬಾಗಿಲು ತೆಗೆದವಳು ನನ್ನ ಮುಖ ನೋಡುವ ಮೊದಲು ಮೇಡಮ್ಮಿನ ಹಲ್ಲು ನೋಡಿದಳು. ಅದು ಅವಳ ಅಭ್ಯಾಸ, ಒಂದು ವರ್ಷ ಕೆಲಸ ಬಿಟ್ಟರೂ ಹೋಗಿರಲಿಲ್ಲ.

“ಕೆಳಗಿನ ಸಾಲಿಗೆ ಕ್ಯಾಪು ಯಾರು ಹಾಕಿದ್ರು ಮೇಡಂ? ಸ್ವಲ್ಪ ಎತ್ತರ ಆಗಿದೆ. ಅಗಿಯೋವಾಗ ಮೊದಲು ಅದೇ ತಾಗುತ್ತಲ್ವಾ?”

“ಆರು ವರ್ಷದಿಂದ ತಾಗ್ತಿದೆ,” ಎಂದರು ಮೇಡಂ. ನಮ್ಮ ಕಚೇರಿಯಲ್ಲಿ ಯಾರೂ ಕಾಣದ ಒಂದು ನಗು ಅವರ ಮುಖದಲ್ಲಿ ಬಂದುಹೋಯಿತು.

ಮುಂದಿನ ಕೋಣೆಯಲ್ಲಿ ಎರಡೇ ಕುರ್ಚಿ, ಎದುರು ಬದುರು. ಒಂದರಲ್ಲಿ ಅಮ್ಮ. ಇನ್ನೊಂದರ ಕೈಗಳ ಮೇಲಿನ ಬಣ್ಣ ಉಜ್ಜಿಹೋಗಿ ಮರ ಕಾಣುತ್ತಿತ್ತು. ಅಕ್ಕ ನಮಗೆ ಮಂಚದ ಅಂಚು ತೋರಿಸಿ ಆ ಕುರ್ಚಿಗೇ ಹೋಗಿ ಕೂತಳು. ಎರಡೂ ಅಂಗೈ ಮೇಲೆ ಮಾಡಿ ಮಡಿಲಲ್ಲಿಟ್ಟುಕೊಂಡಳು.

“ಕೈ ಹೀಗಿಟ್ಕೊಂಡ್ರೇನೇ ಅಮ್ಮನಿಗೆ ಸಮಾಧಾನ,” ಎಂದಳು ಮೇಡಮ್ಮಿಗೆ. “ಕೈಯಲ್ಲಿ ಏನಾದ್ರೂ ಹಿಡಿದ್ರೆ ನಾನು ಎದ್ದು ಹೊರಟೆ ಅಂದ್ಕೊಳ್ತಾಳೆ. ಸೂಜಿ ದಾರ ಆಗಲ್ಲ, ಪೇಪರ್ ಓದೋಕಾಗಲ್ಲ. ಫೋನಂತೂ ಕೇಳ್ಬೇಡಿ.”

“ಟೀವಿ?”

“ಅದರಲ್ಲಿ ಬರೋರೆಲ್ಲ ಮನೆಗೆ ಬಂದ ನೆಂಟರು. ಎಲ್ಲರಿಗೂ ಟೀ ಕೊಡೋಕೆ ಹೇಳ್ತಾಳೆ.”

ಅಮ್ಮ ನನ್ನನ್ನು ನೋಡಿ ಗೌರವದಿಂದ ಸೆರಗು ಸರಿಮಾಡಿಕೊಂಡಳು. ಆಮೇಲೆ ಮೇಡಮ್ಮಿನ ಕಡೆ ಬಾಗಿ, ಗುಟ್ಟು ಹೇಳುವಂತೆ ಹೇಳಿದಳು. “ಇವಳು ನನ್ನ ಮಗಳು. ಯಾವಾಗ್ಲೂ ನನ್ನ ಜೊತೇನೇ ಕೂತಿರ್ತಾಳೆ. ಅವಳಿಗೆ ಬೇರೆ ಎಲ್ಲೂ ಹೋಗೋಕೆ ಇಷ್ಟಾನೇ ಇಲ್ಲ. ನನ್ನ ಕಂಡ್ರೆ ಅಷ್ಟು ಆಸೆ.”

“ಒಳ್ಳೆ ಮಗಳು,” ಎಂದರು ಮೇಡಂ. ಹಾಳೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಅಕ್ಕನನ್ನು ನೋಡಿ, “ಒಂದು ನಿಮಿಷ ಅಡುಗೆಮನೆಗೆ ಬರ್ತೀರಾ? ಒಂದೇ ಪ್ರಶ್ನೆ,” ಎಂದರು.

ಅಕ್ಕ ಅರ್ಧ ಎದ್ದಳು. ಅಮ್ಮ ಪೂರ್ತಿ ಎದ್ದಳು. ಅಕ್ಕ ಮತ್ತೆ ಕೂತಳು, ಅಂಗೈ ಮೇಲೆ ಮಾಡಿದಳು, ಅಮ್ಮ ನಿಧಾನಕ್ಕೆ ಕೂತಳು.

“ಇಲ್ಲೇ ಕೇಳಿ ಮೇಡಂ.”

ಮೇಡಂ ನನ್ನ ಕಡೆ ಒಮ್ಮೆ ನೋಡಿದರು. “ಹತ್ತೂವರೆಯಿಂದ ಹನ್ನೆರಡು, ಹನ್ನೆರಡೂವರೆಯಿಂದ ಮೂರು, ಹೀಗೆ ಒಟ್ಟು ಒಂಬತ್ತು ಗಂಟೆ ಕೂತಿದ್ದೆ ಅಂತ ಬರೆದಿದೀರಿ. ಆ ಹೊತ್ತು ನಿಮ್ಮ ತಾಯಿಯವರನ್ನ ನೋಡ್ಕೊಳ್ತಿದ್ರಾ, ಅಥವಾ ವಿಶ್ರಾಂತಿನಾ?”

ಅಮ್ಮ ಅಕ್ಕನ ಬಾಯಿಯನ್ನೇ ನೋಡುತ್ತಿದ್ದಳು. ಮರೆವು ಹತ್ತಿದವರು ಮಾತು ಕೇಳಿಸಿಕೊಳ್ಳುವುದು ಹಾಗೆ, ಬಾಯಿ ನೋಡಿ. ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಸ್ಟಾರ್ಟು ಮಾಡುತ್ತಿದ್ದರು.

“ವಿಶ್ರಾಂತಿನೇ,” ಎಂದಳು ಅಕ್ಕ. “ಅಮ್ಮನ ಜೊತೆ ಆರಾಮಾಗಿ ಕೂತಿರ್ತೀನಿ. ಹಾಗೇ ಬರ್ಕೊಳ್ಳಿ.”

ನಾನು ಬಾಯಿ ತೆರೆದೆ. ಮೇಡಂ ಕೆಂಪು ಬೆರಳನ್ನು ಎತ್ತಿದರು, ನಾನು ಮುಚ್ಚಿದೆ. ಅವರು ಬರೆದುಕೊಂಡರು, ಅಕ್ಕನ ಸಹಿ ಹಾಕಿಸಿಕೊಂಡರು. ಅವಳು ಸಹಿ ಮಾಡುವ ಅಷ್ಟು ಹೊತ್ತೂ ಅಮ್ಮ ಕುರ್ಚಿಯ ಕೈ ಹಿಡಿದು ಏಳಲು ತಯಾರಾಗಿ ಕೂತಿದ್ದಳು.

ಅಕ್ಕ ನಮ್ಮನ್ನು ಬೀಳ್ಕೊಡಲು ಬಾಗಿಲವರೆಗೆ ಬಂದಳು. ಹೊಸ್ತಿಲಾಚೆ ಒಂದು ಹೆಜ್ಜೆ ಇಟ್ಟಳು, ಅಷ್ಟೇ. “ಇಲ್ಲಿಂದ ಆಚೆ ಬಂದ್ರೆ ಅಮ್ಮನಿಗೆ ನಾನು ಕಾಣಲ್ಲ,” ಎಂದಳು. ಆ ಜಾಗದ ನೆಲದ ಕಲ್ಲು ಉಳಿದವುಗಳಿಗಿಂತ ಹೆಚ್ಚು ನುಣುಪಾಗಿತ್ತು. ಮೇಡಂ ಮೆಟ್ಟಿಲಿಳಿದು ಕೆಳಗಿನ ತಿರುವಿನಲ್ಲಿ ಹೋಗಿ ನಿಂತರು.

“ಯಾಕಕ್ಕ ಸುಳ್ಳು ಹೇಳ್ದೆ?”

“ಮೆಲ್ಲಗೆ ಮಾತಾಡು.” ಅವಳು ಒಳಗೊಮ್ಮೆ ನೋಡಿದಳು. “‘ನಿನ್ನ ಜೊತೆ ಕೂರೋದು ನನಗೆ ಕೆಲಸ’ ಅಂತ ಅಮ್ಮನ ಎದುರು ಹೇಗೋ ಹೇಳ್ಲಿ?”

“ಅಮ್ಮ ಐದು ನಿಮಿಷಕ್ಕೆ ಮರೀತಾಳೆ.”

“ಮರೆಯೋಕೆ ಮುಂಚೆ ಕೇಳಿಸ್ಕೊಳ್ತಾಳಲ್ಲ.”

“ನಾಲ್ಕು ಸಾವಿರ ಹಾಳೇಲಿ ನಿಂದೊಂದು ಅಕ್ಕ. ಒಂದೊಂದರ ಹಿಂದೆ ಸಾವಿರಾರು ಹೆಂಗಸರು ಇರ್ತಾರೆ. ನಿನ್ನ ಒಂಬತ್ತು ಗಂಟೆ ಅವರ ಲೆಕ್ಕಕ್ಕೂ…”

“ಅವರನ್ನೆಲ್ಲ ನಾನು ಕರೆದ್ನಾ ನನ್ನ ಹಿಂದೆ ನಿಂತ್ಕೊಳ್ಳಿ ಅಂತ?” ನಕ್ಕಳು. ನಗು ಅರ್ಧದಲ್ಲಿ ನಿಂತಿತು. “ನೋಡು ಚಿಕ್ಕೋನೆ. ಕಾಗದದ ಮೇಲೆ ಒಂಬತ್ತು ಗಂಟೆ ಕೊಡ್ಸೋಕೆ ಆಫೀಸರನ್ನೇ ಕರ್ಕೊಂಡು ಬಂದೆ. ನಾನು ಕೇಳಿದ್ದು ನಾಲ್ಕು ಗಂಟೆ. ಅದಕ್ಕೆ ಯಾರನ್ನೂ ಕರ್ಕೊಂಡು ಬರೋದು ಬೇಡ, ನೀನೊಬ್ಬ ಬಂದ್ರೆ ಆಗಿತ್ತು.”

ಒಳಗಿಂದ ಅಮ್ಮ ಕರೆದಳು. ಅಕ್ಕ ತಿರುಗಿದಳು.

“ಸೋಮವಾರದಿಂದ ಬರ್ತೀನಿ,” ಎಂದೆ. “ಖಂಡಿತ. ಲ್ಯಾಬಿನವರಿಗೆ ಹೇಳು.”

“ಹೇಳ್ಲಾ?”

“ಹೇಳು.”

ಕೆಳಗಿನ ತಿರುವಿನಲ್ಲಿ ಮೇಡಂ ಕಾಯುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಬೀದಿಗೆ ಬಂದ ಮೇಲೆ, “ಬೆಳಗಿನ ಪಾಳಿಗೆ ಅರ್ಜಿ ಹಾಕಿದ್ರೆ ಒಂದು ಗಂಟೆಗೆ ಬಿಡ್ತೀವಿ. ಯಾರಿಗಾದ್ರೂ ಬೇಡ ಅಂದಿದೀನಾ ನಾನು?” ಎಂದರು.

ಅಂದಿರಲಿಲ್ಲ. ನಿಜ ಹೇಳಬೇಕೆಂದರೆ ಮೂರು ಸಲ ನೋಡೋಣ ಎಂದದ್ದಕ್ಕೆ ಕಾರಣ ಆ ಪಾಳಿಯೇ. ನಮ್ಮ ಕಚೇರಿಯಲ್ಲಿ ಏಳರಿಂದ ಒಂದರವರೆಗಿನ ಪಾಳಿಗೆ ಹೆಂಗಸರ ಪಾಳಿ ಎಂದೇ ಹೆಸರು. ಆರು ಜನ ಅದರಲ್ಲಿದ್ದರು, ಆರೂ ಹೆಂಗಸರು. ಮಧ್ಯಾಹ್ನ ಒಂದು ಗಂಟೆಗೆ ಅವರು ಚೀಲ ಎತ್ತಿಕೊಂಡು ಹೊರಡುವಾಗ ಚಶ್ಮಾ “ಓಹೋ, ಸೈರನ್ ಆಯ್ತು” ಎನ್ನುತ್ತಿದ್ದ. ಆ ಸಾಲಿನಲ್ಲಿ ಏಳನೆಯವನಾಗಿ ಚೀಲ ಎತ್ತಿಕೊಂಡು ಹೋಗುವುದನ್ನು ನೆನೆಸಿಕೊಂಡರೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಅದಕ್ಕೇ ಮೊದಲು ನನ್ನ ಹೆಂಡತಿಯನ್ನು ಕೇಳಿದ್ದೆ. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನವಳು, ಪಾಳಿ ಬದಲಾಯಿಸಿಕೊಳ್ಳಬಹುದಲ್ಲ ಎಂದೆ. “ನಿಮ್ಮಮ್ಮ. ನಿಮ್ಮಕ್ಕ. ನಿಮ್ಮ ಕಾಲಿಗೇನಾಗಿದೆ?” ಎಂದು ಕೇಳಿ ಅವಳು ಬಟ್ಟೆ ಮಡಿಸುವುದನ್ನು ಮುಂದುವರಿಸಿದ್ದಳು.

ಶುಕ್ರವಾರ ಅರ್ಜಿ ಕೊಟ್ಟೆ. ಮೇಡಂ ಸಹಿ ಮಾಡಿದರು. ಆದರೆ ಶನಿವಾರ ಮೇಲಿನಿಂದ ಪತ್ರ ಬಂತು: ಕೋಷ್ಟಕಗಳು ಇಪ್ಪತ್ತೆಂಟಕ್ಕೆ ಹೋಗಲೇಬೇಕು, ಅಲ್ಲಿಯವರೆಗೆ ಯಾರೂ ಪಾಳಿ ಬದಲಿಸುವಂತಿಲ್ಲ, ರಜೆಯೂ ಇಲ್ಲ. ನಾನು ಮೇಡಮ್ಮಿನ ಹತ್ತಿರ ಹೋಗಿ ಗಟ್ಟಿಯಾಗಿ ಕೇಳಬಹುದಿತ್ತು. ಕೇಳಲಿಲ್ಲ. ಒಂದೇ ವಾರ ತಾನೆ ಎಂದುಕೊಂಡು ಅಕ್ಕನಿಗೆ ಭಾನುವಾರ ಫೋನು ಮಾಡಿದೆ.

“ಮುಂದಿನ ಸೋಮವಾರ ಅಕ್ಕ. ಮೂವತ್ತೊಂದು. ತಿಂಗಳ ಕೊನೆಯೊಳಗೇ ಆಯ್ತಲ್ಲ.”

“ನಾಳೆ ಬರ್ತೀನಿ ಅಂತ ಹೇಳಿಬಿಟ್ಟಿದ್ದೆ ಕಣೋ,” ಎಂದಳು. “ಇರ್ಲಿ ಬಿಡು. ಇನ್ನೊಂದ್ಸಲ ಹೇಳ್ತೀನಿ.”

ಇಪ್ಪತ್ತೆಂಟಕ್ಕೆ ಕೋಷ್ಟಕ ಮುಗಿಯಿತು. ನಮ್ಮ ದೇಶದಲ್ಲಿ ಹೆಂಗಸರಿಗೆ ಗಂಡಸರಿಗಿಂತ ದಿನಕ್ಕೆ ಹನ್ನೆರಡೇ ನಿಮಿಷ ಕಡಿಮೆ ವಿಶ್ರಾಂತಿ ಎಂದು ಬಂತು. ಪಕ್ಕದ ದೇಶದವರ ಅಂಕಿಯೂ ಅಷ್ಟರಲ್ಲಿ ಬಂದಿತ್ತು. ಅಲ್ಲಿ ಎರಡು ಗಂಟೆ ಹತ್ತು ನಿಮಿಷ. ಚಶ್ಮಾ ಕುರ್ಚಿಯಿಂದ ಎದ್ದೇಬಿಟ್ಟ. ಈ ಅಂಕಿ ಹೋದರೆ ನಾವು ಒಂಬತ್ತು ಸ್ಥಾನ ಮೇಲೆ, ಪಕ್ಕದವರು ನಮಗಿಂತ ಕೆಳಗೆ, ಇಷ್ಟು ವರ್ಷದಲ್ಲಿ ಮೊದಲ ಸಲ. ಟೀ ತರಿಸಿದ, ಬಿಸ್ಕತ್ತು ತರಿಸಿದ.

“ಅಲ್ಲಿಯ ಗಂಡಸರು ಅಷ್ಟು ಕೆಟ್ಟೋರಾ ಮೇಡಂ?” ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

“ಗಂಡಸರು ಎಲ್ಲ ಕಡೆ ಒಂದೇ. ಅಲ್ಲಿ ಎರಡನೇ ಕಾಲಂ ಇಟ್ಕೊಂಡ್ರು,” ಎಂದರು ಮೇಡಂ. “ಅವರು ಕೇಳಿದ್ರು, ನಾವು ಕೇಳ್ಲಿಲ್ಲ.” ಟೀ ಲೋಟ ಮುಟ್ಟದೆ ಕೋಷ್ಟಕದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಒಂದು ಟಿಪ್ಪಣಿ ಬರೆದರು, ನಮ್ಮ ಹಾಳೆಯಲ್ಲಿ ಆರೈಕೆಯ ಕಾಲಂ ಇರಲಿಲ್ಲ ಎಂದು. ಅವರಿಗೂ ಮೇಲಿನವರು ಅದನ್ನು ತೆಗೆದೇ ಕಳಿಸುತ್ತಾರೆ ಎನ್ನುವುದು ಅವರಿಗೂ ಗೊತ್ತಿತ್ತು, ನಮಗೂ. ನಾನು ಟೀ ಕುಡಿದೆ. ಗೋಡೆಯ ಮೇಲಿನ ಹಳೆಯ ಪಟ್ಟಿಯನ್ನು ಚಶ್ಮಾ ಉಗುರಿನಿಂದ ಕೆರೆದು ಕಿತ್ತ.

ಮೂವತ್ತೊಂದಕ್ಕೆ ಒಂದು ಗಂಟೆಗೆ ನಾನು ಚೀಲ ಎತ್ತಿಕೊಂಡೆ. ಚಶ್ಮಾ ಬಾಯಿ ತೆರೆದವನು ಕನ್ನಡಕ ತೆಗೆದು ಒರೆಸಿಕೊಂಡ. ಹೆಂಗಸರ ಜೊತೆ ಲಿಫ್ಟಿನಲ್ಲಿ ಇಳಿದೆ. ಒಬ್ಬರೂ ನನ್ನನ್ನು ವಿಶೇಷವಾಗಿ ನೋಡಲಿಲ್ಲ. ತರಕಾರಿ ರೇಟು ಮಾತಾಡುತ್ತಿದ್ದರು. ಇಷ್ಟಕ್ಕೆ ನಾನು ತಿಂಗಳುಗಟ್ಟಲೆ ಹೆದರಿದ್ದೆ.

ಅಕ್ಕ ಸಿದ್ಧಳಾಗಿ ನಿಂತಿದ್ದಳು. ಲ್ಯಾಬಿನ ಬಿಳಿ ಕೋಟಿಗೆ ಇಸ್ತ್ರಿ ಹಾಕಿ, ಮಡಿಸಿ, ತೋಳಿನ ಮೇಲೆ ಹಾಕಿಕೊಂಡಿದ್ದಳು. “ಬಾತ್‌ರೂಮಿಗೆ ಅಂತ ಎದ್ರೆ ಬಾಗಿಲು ಪೂರ್ತಿ ಹಾಕ್ಬೇಡ. ಐದು ಗಂಟೆಗೆ ಹಾಲು ಕೊಡು. ಹಲ್ಲಿನ ಸೆಟ್ಟು ಕಚ್ತಾ ಇದೆ ಅಂತಾಳೆ, ಬಲಗಡೆ, ಸುಮ್ಮನೆ ಹೂಂ ಅನ್ನು. ಕೈ ಮಾತ್ರ…”

“ಗೊತ್ತು. ಹೋಗು.”

ಅವಳು ಇಳಿದುಹೋದಳು. ಎರಡೆರಡು ಮೆಟ್ಟಿಲು ಹಾರಿ ಇಳಿಯುವ ಸದ್ದು ಕೇಳಿಸಿತು. ಐವತ್ತು ದಾಟಿದವಳು.

ನಾನು ಬಣ್ಣ ಹೋದ ಕುರ್ಚಿಯಲ್ಲಿ ಕೂತು ಅಂಗೈ ಮೇಲೆ ಮಾಡಿದೆ. ಅಮ್ಮ ನನ್ನ ಕೈ ನೋಡಿದಳು, ಮುಖ ನೋಡಿದಳು. ನಾನೂ ನೋಡಿದೆ. ಗೋಡೆ ನೋಡಿದೆ. ಒಂದು ಅರ್ಧ ಗಂಟೆ ಆಗಿರಬೇಕು ಎಂದುಕೊಂಡು ಗಡಿಯಾರ ನೋಡಿದರೆ ಏಳು ನಿಮಿಷ ಆಗಿತ್ತು. ಕೈ ತಾನಾಗಿ ಜೇಬಿಗೆ ಹೋಯಿತು, ಅಮ್ಮ ಥಟ್ಟನೆ ಎದ್ದು “ಹೊರಟ್ರಾ?” ಎಂದಳು. ಫೋನು ಬಿಟ್ಟು ಕೈಯನ್ನು ಮತ್ತೆ ಮಡಿಲಿಗೆ ತಂದೆ. ಬೆನ್ನು ತುರಿಸಿತು. ತುರಿಸಿಕೊಳ್ಳಲಿಲ್ಲ. ಈ ಹದಿನೆಂಟು ಸಾಲುಗಳಿಗೆ ನಾನು ಒಂದೇ ಒಂದು ಪದ ಹೇಳಿಕೊಟ್ಟಿದ್ದೆ.

“ನೀವು ಎಲ್ಲಿ ಕೆಲಸ ಮಾಡೋದು?” ಎಂದು ಅಮ್ಮ ಕೇಳಿದಳು.

“ಅಂಕಿಅಂಶದ ಕಚೇರೀಲಿ.”

“ನನ್ನ ಮಗನೂ ಅಲ್ಲೇ. ಬಿಡುವೇ ಇಲ್ಲ ಅವನಿಗೆ, ಪಾಪ. ಊಟಕ್ಕೂ ಪುರುಸೊತ್ತಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಮಗಳಿಗೆ ಏನೂ ತೊಂದ್ರೆ ಇಲ್ಲ. ಆರಾಮಾಗಿದಾಳೆ. ನನ್ನ ಜೊತೆ ಕೂತಿರ್ತಾಳೆ,” ಎಂದಳು.

“ಹೂಂ,” ಎಂದೆ.

ಒಂದು ಗಂಟೆಯೂ ಆಗಿರಲಿಲ್ಲ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದೊಂದೇ ಮೆಟ್ಟಿಲು. ಅಕ್ಕ ಬಂದಳು. ಕೋಟು ತೋಳಿನ ಮೇಲೆ ಮಡಿಕೆ ಮುರಿಯದೆ ಹಾಗೇ ಇತ್ತು. ಇನ್ನೊಂದು ಕೈಯಲ್ಲಿ ಒಂದು ತಗಡಿನ ಡಬ್ಬಿ, ಮುಚ್ಚಳದ ಮೇಲೆ ಅವಳದೇ ಅಕ್ಷರದಲ್ಲಿ ಒಂದು ನಂಬರು.

“ಏನಾಯ್ತು?”

“ಏನೂ ಇಲ್ಲ. ನನ್ನ ಸಾಮಾನು ಕೊಟ್ರು. ಎಲ್ಲ ಒರೆಸಿ ಇಟ್ಟಿದ್ರು, ಒಳ್ಳೆಯವರು.”

“ತಿಂಗಳ ಕೊನೆವರೆಗೆ ಅಂದಿದ್ರಲ್ಲ. ಇವತ್ತು ಕೊನೆ ತಾನೆ.”

“ಹೋದ ಸೋಮವಾರ ಮಧ್ಯಾಹ್ನ ಎಲ್ಲ ನನಗೆ ಕಾದ್ರಂತೆ. ಬರ್ತೀನಿ ಅಂದೋಳು ಬರ್ಲಿಲ್ಲ, ಇನ್ನು ಬರೋದು ಕಷ್ಟ ಅಂತ ಮಂಗಳವಾರ ಇನ್ನೊಬ್ಬನಿಗೆ ಮಾತು ಕೊಟ್ರಂತೆ.” ಅವಳು ಬಾಗಿಲ ಬಳಿಯ ಮೊಳೆಗೆ ಕೋಟು ತೂಗುಹಾಕಿದಳು. “ಅಮ್ಮನ ಎದುರು ಫೋನು ಹಿಡಿಯೋಕಾಗ್ದೆ ನಾನು ಮಾಡಿದ್ದು ಬುಧವಾರ, ಆಗ ಹೇಳೋಕೆ ಅವರಿಗೇ ಸಂಕಟ ಆಗಿರ್ಬೇಕು. ಹುಡುಗ ಚೆನ್ನಾಗೇ ಮಾಡ್ತಾನೆ. ನೋಡ್ದೆ. ಅರ ಹಿಡಿಯೋ ಕೈ ಸ್ವಲ್ಪ ಬಿಗಿ, ಸರಿಹೋಗುತ್ತೆ.”

“ಅಕ್ಕಾ, ನಂದೇ ತಪ್ಪು.”

“ಹೂಂ,” ಎಂದಳು. ಅಲ್ಲ ಅನ್ನುತ್ತಾಳೆ ಎಂದು ನಾನು ಕಾದಿದ್ದೆ. “ಏಳು, ಅದು ನನ್ನ ಕುರ್ಚಿ.”

ಎದ್ದೆ. “ನಾಳೆಯಿಂದ ದಿನಾ ಬರ್ತೀನಿ. ಪಾಳಿ ಆಗಿದೆ.”

“ಬಾ,” ಎಂದಳು. “ನಾಲ್ಕು ಗಂಟೆ ಎಲ್ಲಿಗೆ ಹೋಗೋದು ಅಂತ ಯೋಚನೆ ಮಾಡ್ತೀನಿ.”

ಅವಳು ಕೂತಳು. ಡಬ್ಬಿ ಮಡಿಲಲ್ಲೇ ಇತ್ತು. ಅಮ್ಮ ಅವಳನ್ನೂ ಡಬ್ಬಿಯನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಬಾಯಿಗೆ ಕೈ ಹಾಕಿ, ಕೆಳಗಿನ ಸೆಟ್ಟನ್ನು ತೆಗೆದು, ಬಲಗಡೆಯ ಅಂಚನ್ನು ಹೆಬ್ಬೆರಳಿನಿಂದ ತೋರಿಸಿ, ಅಕ್ಕನ ಖಾಲಿ ಅಂಗೈಯಲ್ಲಿ ಇಟ್ಟಳು.

ಅಕ್ಕ ಅದನ್ನು ಸೆರಗಿನಲ್ಲಿ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು. ಡಬ್ಬಿ ತೆರೆದು ಎಲ್ಲಕ್ಕಿಂತ ಸಣ್ಣ ಅರ ಆರಿಸಿಕೊಂಡು ತೀಡತೊಡಗಿದಳು. ಗುಲಾಬಿ ಬಣ್ಣದ ಪುಡಿ ಅವಳ ಮಡಿಲ ಮೇಲೆ ಉದುರಿತು. ಅಮ್ಮ ಏಳಲಿಲ್ಲ. ಬೊಚ್ಚು ಬಾಯಿ ಮುಚ್ಚಿಕೊಂಡು, ಆ ಕೈಗಳನ್ನು ನೋಡುತ್ತಾ ಕೂತಿದ್ದಳು.